ಕಾರ್ಟೂನ್ ಅಜ್ಜಿಯ ಮಿಸರಿ

ಬೈಲಹೊಂಗಲದ ಒಂದು ಪ್ರೌಢಶಾಲೆಯಲ್ಲಿ ನಾನು ಚಿತ್ರಕಲಾ ಶಿಕ್ಷಕಿ. ನಮ್ಮ ವಿಷಯಕ್ಕೆ ಪರೀಕ್ಷೆಯ ಹೆದರಿಕೆ ಇಲ್ಲದ್ದರಿಂದ, ಶಾಲೆಯಲ್ಲಿ ಯಾರಿಗೂ ಬೇಡವಾದ ಕೆಲಸವೆಲ್ಲ ಸುತ್ತಿ ಸುತ್ತಿ ಬಂದು ನನ್ನ ಕೊರಳಿಗೇ ಬೀಳುತ್ತದೆ. ವರ್ಷಕ್ಕೊಮ್ಮೆ ನಡೆಯುವ ಗ್ಯಾದರಿಂಗಿನ ನಾಟಕದ ಪರದೆ ನನ್ನದು, ಇಲಾಖೆಯ ಸಾಹೇಬರು ಬಂದಾಗ ಹಲಗೆಯ ಮೇಲೆ ಬರೆಯುವ ಸ್ವಾಗತ ನನ್ನದು, ಮತದಾನದ ರಂಗೋಲಿಯೂ ನನ್ನದೇ. ಮಾದಕ ವಸ್ತುಗಳ ಬಗ್ಗೆ ಮಕ್ಕಳಿಗೆ ತಿಳಿವಳಿಕೆ ಕೊಡುವ ಕೆಲಸವೂ ಹಾಗೆಯೇ ಬಿತ್ತು. ಬೈದುಕೊಳ್ಳುತ್ತಲೇ ಒಪ್ಪಿಕೊಂಡೆ. ಬೈದುಕೊಳ್ಳದೆ ನಾನು ಯಾವ ಕೆಲಸವನ್ನೂ ಶುರು ಮಾಡಿದವಳಲ್ಲ.

ಅದಕ್ಕೂ ಮೊದಲು ಈ ತಿಳಿವಳಿಕೆ ಎಂದರೆ ಒಂದು ಭಾಷಣ. ಹೊರಗಿನಿಂದ ಒಬ್ಬ ಅತಿಥಿ ಬರುತ್ತಿದ್ದರು. ಮಕ್ಕಳನ್ನು ಬಿಸಿಲಿಗೆ ಕೂಡಿಸಿ, ಜಗತ್ತಿನಲ್ಲಿ ಎಷ್ಟು ಬಗೆಯ ನಶೆ ಇವೆಯೋ ಅವುಗಳ ಹೆಸರನ್ನೆಲ್ಲ ಒಂದೂ ಬಿಡದೆ ಓದುತ್ತಿದ್ದರು. ನಮ್ಮ ಹುಡುಗರಿಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಗುಟ್ಕಾ, ಬೀಡಿ, ಹೆಚ್ಚೆಂದರೆ ಗಾಂಜಾ. ಭಾಷಣ ಮುಗಿದ ಮೇಲೆ ನೋಡಿದರೆ ಮೈದಾನದಲ್ಲಿ ಒಬ್ಬರಿಗೊಬ್ಬರು ಹೊಸ ಅಡ್ಡಹೆಸರು ಇಟ್ಟುಕೊಂಡು ಕೂಗುತ್ತಿದ್ದಾರೆ. ಒಬ್ಬ ಅಫೀಮು, ಇನ್ನೊಬ್ಬ ಚರಸ್. ಹೆಡ್‌ಮಾಸ್ತರರು ಇದನ್ನು ತಮ್ಮ ಕೋಣೆಯ ಕಿಟಕಿಯಿಂದ ಕೇಳಿ ತಲೆ ಹಿಡಿದುಕೊಂಡು ಕೂತರು. ಮುಂದಿನ ಸಲ ಭಾಷಣ ಬೇಡ, ನೀವು ಕಂಪ್ಯೂಟರಿನಲ್ಲಿ ಬೊಂಬೆ ಕುಣಿಸುತ್ತೀರಲ್ಲ, ಅದರಲ್ಲೇ ಏನಾದರೂ ಮಾಡಿ ಎಂದರು.

ಬೊಂಬೆ ಕುಣಿಸುವುದನ್ನು ನಾನು ಕಲಿತದ್ದು ಲಾಕ್‌ಡೌನಿನ ಕಾಲದಲ್ಲಿ, ಮೊಬೈಲಿನಲ್ಲಿ ನೋಡಿ ನೋಡಿ. ಒಂದು ಕೈ ಎತ್ತಬೇಕೆಂದರೆ ಆ ಕೈಯನ್ನು ಎಷ್ಟೋ ಸಲ ಬರೆಯಬೇಕು, ಪ್ರತಿ ಸಲವೂ ಕೂದಲೆಳೆಯಷ್ಟು ಮೇಲಕ್ಕೆ. ಸಿಟ್ಟಿನವಳಾದ ನನಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಕಥೆ ಸರಳವಾಗಿತ್ತು. ಖೋಖೋ ಆಡುವ ಒಬ್ಬ ಹುಡುಗ, ಅವನಿಗೆ ಗುಟ್ಕಾದ ಮೊದಲ ಪುಡಿಕೆಯನ್ನು ಪುಕ್ಕಟೆ ಕೊಡುವ ಒಬ್ಬ ಗೆಳೆಯ, ಹುಡುಗನ ಊಟ, ನಿದ್ದೆ, ಆಟ ಒಂದೊಂದಾಗಿ ಕೆಡುವುದು. ಬಾಯಿ ಉರಿಯುತ್ತದೆಂದು ಅವನು ಖಾರದ ಚಟ್ನಿ ಬಿಟ್ಟು ಬರೀ ರೊಟ್ಟಿ ತಿನ್ನುವುದನ್ನು ಮೊದಲು ಗಮನಿಸುವವಳು ಅಜ್ಜಿ. ಅವಳು ಹೊಡೆಯುವುದಿಲ್ಲ, ಬೈಯುವುದಿಲ್ಲ. ಹತ್ತಿರ ಕೂಡಿಸಿಕೊಂಡು ಕೇಳುತ್ತಾಳೆ. ಕಥೆ ತಿರುಗುವುದು ಅಲ್ಲಿ.

ಅಜ್ಜಿಯ ಧ್ವನಿಗೆ ನಾನು ಊರೆಲ್ಲ ಹುಡುಕಲಿಲ್ಲ. ನನ್ನ ಅವ್ವ ನನ್ನ ಜೊತೆಗೇ ಇದ್ದಾಳೆ. ನಮ್ಮದು ಪೂಜೆ, ಪಂಚಾಂಗ, ಪುರಾಣದ ಮನೆತನ. ಅಪ್ಪ ತೀರಿದ ಮೇಲೆ ಪೂಜೆ ಅಣ್ಣನ ಕಡೆಗೆ ಹೋಯಿತು, ಕಥೆ ಹೇಳುವ ಬಾಯಿ ಅವ್ವನ ಹತ್ತಿರ ಉಳಿಯಿತು. ಅವಳು ಕಥೆ ಶುರು ಮಾಡಿದರೆ ಕೇಳುತ್ತ ಕೂತವರ ಒಲೆಯ ಮೇಲಿನ ಹಾಲು ಉಕ್ಕಿ ಹೋಗಲೇಬೇಕು. ನಮ್ಮ ಓಣಿಯಲ್ಲಿ ಹಾಗೆ ಎಷ್ಟು ಹಾಲು ಹೋಗಿದೆಯೋ.

ಆದರೆ ಅವ್ವನಿಗೆ ಒಂದು ಮಿಸರಿಯ ಗೀಳು. ಮಿಸರಿ ಅಂದರೆ ನಮ್ಮ ಕಡೆಯ ಹೆಂಗಸರಿಗೆ ಹೇಳಬೇಕಾಗಿಲ್ಲ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದ್ದು. ಬೆಳಿಗ್ಗೆ ಎದ್ದು ಕಟ್ಟೆಯ ಮೇಲೆ ಕೂತು ತೋರುಬೆರಳಿನಿಂದ ಹಲ್ಲಿಗೆ, ವಸಡಿಗೆ ತಿಕ್ಕುವುದು. ಮುಂಜಾನೆ ಒಂದು ಸಲ, ಊಟವಾದ ಮೇಲೆ ಒಂದು ಸಲ, ಸಂಜೆ ಮನಸ್ಸು ಬಂದಷ್ಟು ಸಲ. ಸ್ನಾನವಾಗದೆ ಒಲೆ ಮುಟ್ಟದ, ಮಡಿಯಲ್ಲಿ ಯಾರಾದರೂ ಸೋಕಿದರೆ ಮತ್ತೆ ತಲೆಗೆ ನೀರು ಹಾಕಿಕೊಳ್ಳುವ ನನ್ನ ಅವ್ವನಿಗೆ ಮಿಸರಿ ಮಾತ್ರ ಯಾವ ಮೈಲಿಗೆಗೂ ಬಾರದ ವಸ್ತು. ಅದು ಹಲ್ಲುಪುಡಿ. ತಂಬಾಕು ತಿನ್ನುವವರನ್ನು ಕಂಡರೆ ಅವಳಿಗೆ ಆಗುವುದಿಲ್ಲ. ಉಗುಳಿ ಗೋಡೆ ಕೆಡಿಸುವ ಮಂದಿ ಎಂದು ಮುಖ ಸಿಂಡರಿಸುತ್ತಾಳೆ. ಹಾಗೆ ಬೈಯುವಾಗ ಅವಳ ಬೆರಳಿನ ತುದಿ ಕರ್ರಗಿರುತ್ತದೆ.

ಸಿನಿಮಾದ ಕೆಲಸ ಶುರುವಾಗುವುದಕ್ಕೆ ಸ್ವಲ್ಪ ಮೊದಲು ಹಲ್ಲುನೋವೆಂದು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ಕೆನ್ನೆಯನ್ನು ಸರಿಸಿ, ಟಾರ್ಚು ಹಿಡಿದು, ನನ್ನನ್ನು ಹತ್ತಿರ ಕರೆದು ತೋರಿಸಿದರು. ವಸಡಿನ ಪಕ್ಕದಲ್ಲಿ ಒಂದು ಬಿಳಿ ಕಲೆ. ಮಿಸರಿ ಇವತ್ತೇ ಬಿಡಬೇಕು, ಬಿಟ್ಟರೆ ತಾನಾಗಿ ಕಡಿಮೆಯಾಗಬಹುದು, ಬಿಡದಿದ್ದರೆ ಮುಂದಿನ ಸಲ ಬೆಳಗಾವಿಗೆ ಕಳಿಸಿ ತುಣುಕು ತೆಗೆದು ನೋಡಬೇಕಾಗುತ್ತದೆ ಎಂದರು. ಏನೆಂದು ನೋಡಬೇಕಾಗುತ್ತದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಗೆ ಬಂದು ರಿಕ್ಷಾ ಹತ್ತುವಾಗ ಅವ್ವ ಗಂಭೀರವಾಗಿ ಅಂದಳು, "ಹಲ್ಲ ತಿಕ್ಕೋದು ಬಿಡ್ರಿ ಅಂತ ಹೇಳೋ ಹಲ್ಲಿನ ಡಾಕ್ಟರನ್ನ ಇವತ್ತ ನೋಡಿದೆ."

ನನಗೆ ನಗು ಬಂತು, ಅಳುವೂ ಬಂತು. ಅಂದಿನಿಂದ ಮನೆಯಲ್ಲಿ ದಿನಾ ಜಗಳ. ನಾನು ಡಬ್ಬಿ ಬಚ್ಚಿಡುವುದು, ಅವಳು ಇನ್ನೊಂದು ಡಬ್ಬಿ ತೆಗೆಯುವುದು. ಪಕ್ಕದ ಮನೆಯಾಕೆಗೆ ಕಾವಲು ಇರಲು ಹೇಳಿದರೆ ಆಕೆಯೇ ಹಂಚಿನ ಮೇಲೆ ಹುರಿದು ತಂದುಕೊಟ್ಟಳು. ಕೊನೆಗೆ ಸಾಕಾಗಿ ಕೈಬಿಟ್ಟೆ. ಕೈಬಿಟ್ಟೆನೇ ಹೊರತು ಹೆದರಿಕೆ ಬಿಡಲಿಲ್ಲ. ಅವಳು ಆಕಳಿಸಿದಾಗೆಲ್ಲ ನನ್ನ ಕಣ್ಣು ಅವಳ ಬಾಯೊಳಗೇ ಹೋಗುತ್ತಿತ್ತು.

ರೆಕಾರ್ಡಿಂಗ್ ಮಾಡಿದ್ದು ಕೌದಿಯೊಳಗೆ. ನಮ್ಮ ಓಣಿಯಲ್ಲಿ ಟ್ರ್ಯಾಕ್ಟರಿನ ಸದ್ದು, ನಾಯಿಯ ಸದ್ದು, ಪಕ್ಕದ ಮನೆಯ ಟೀವಿಯ ಸದ್ದು. ಅದಕ್ಕೆ ನಾವಿಬ್ಬರೂ ದಪ್ಪ ಕೌದಿಯೊಂದನ್ನು ತಲೆಯ ಮೇಲೆ ಹೊದ್ದುಕೊಂಡು, ನಡುವೆ ಮೊಬೈಲ್ ಇಟ್ಟುಕೊಂಡು ಕೂರುತ್ತಿದ್ದೆವು. ಅವ್ವನಿಗೆ ಬರೆದುಕೊಟ್ಟ ಮಾತು ಬೇಕಾಗಲಿಲ್ಲ. "ಹಿಂಗ್ಯಾರ ಮಾತಾಡತಾರ?" ಎಂದು ನನ್ನ ಸಾಲುಗಳನ್ನೆಲ್ಲ ಬದಿಗೆ ಸರಿಸಿ, ಮೊಮ್ಮಗನ ಹತ್ತಿರ ಮಾತಾಡಿದ ಹಾಗೆ ತನ್ನ ಮನಸ್ಸಿಗೆ ಬಂದದ್ದನ್ನೇ ಹೇಳಿದಳು. ಅದೇ ಚೆನ್ನಾಗಿತ್ತು. ಪ್ರತಿ ಸಲ ಶುರು ಮಾಡುವ ಮೊದಲು ಮಿಸರಿ ತಿಕ್ಕಬೇಕು, ಇಲ್ಲದಿದ್ದರೆ ನಾಲಿಗೆ ತಿರುಗುವುದಿಲ್ಲವಂತೆ. ನಶೆ ಬೇಡ ಎಂಬ ಕಥೆಯನ್ನು ತಂಬಾಕಿನ ವಾಸನೆಯಲ್ಲಿ ಉಸಿರುಗಟ್ಟಿ ರೆಕಾರ್ಡ್ ಮಾಡುತ್ತಿದ್ದೇನೆ ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ಮಿಸರಿ ನನಗೆ ಡಾಕ್ಟರಿಗೆ ಸೇರಿದ ವಿಷಯವಾಗಿತ್ತು. ನಶೆ ಎಂದರೆ ಗುಟ್ಕಾ, ಗಾಂಜಾ, ಕೆಟ್ಟ ಗೆಳೆಯರು.

ಚಿತ್ರ ಬರೆಯುವಾಗಲೂ ಹಾಗೇ ಆಯಿತು. ಮೊದಲ ದೃಶ್ಯ ಮುಂಜಾನೆಯದು. ಹುಡುಗ ಬೂಟಿನ ಲಾಡಿ ಕಟ್ಟುತ್ತಿದ್ದಾನೆ, ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಾಳೆ. ಬರೀ ಕೂತ ಅಜ್ಜಿ ಕಲ್ಲಿನ ಹಾಗೆ ಕಂಡಳು. ಕೈಗೆ ಏನಾದರೂ ಕೆಲಸ ಕೊಡಬೇಕೆಂದು, ದಿನಾ ಕಣ್ಣೆದುರು ನೋಡುವುದನ್ನೇ ಬರೆದೆ. ಪಕ್ಕದಲ್ಲಿ ಪುಟ್ಟ ಡಬ್ಬಿ, ಬಾಯಲ್ಲಿ ತೋರುಬೆರಳು, ಅತ್ತ ಇತ್ತ, ಅತ್ತ ಇತ್ತ. ಎಲ್ಲಕ್ಕಿಂತ ಜೀವಂತವಾಗಿ ಮೂಡಿದ ದೃಶ್ಯ ಅದೇ. ಒಪ್ಪಿಗೆ ಕೊಡಲು ಬಂದ ಸಾಹೇಬರು ಅದನ್ನೇ ಮತ್ತೊಮ್ಮೆ ಹಾಕಿಸಿ ನೋಡಿ, ಥೇಟ್ ನಮ್ಮ ತಾಯಿ ಕೂತಂಗ ಐತಿ ನೋಡ್ರಿ ಎಂದು ಮೆಚ್ಚಿಕೊಂಡರು. ನಮ್ಮ ಶಿಕ್ಷಕಿಯರೂ ಮೆಚ್ಚಿದರು. ಯಾರ ಕಣ್ಣಿಗೂ ಏನೂ ತಪ್ಪು ಕಾಣಲಿಲ್ಲ.

ಸಿನಿಮಾ ನಮ್ಮ ಶಾಲೆಯಲ್ಲಿ ಗೆದ್ದ ಮೇಲೆ ಸುತ್ತಲಿನ ತಾಲೂಕುಗಳಿಂದಲೂ ಕರೆ ಬಂತು. ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಕಿತ್ತೂರಿನ ಶಾಲೆ ಹೈವೇಗೆ ಹತ್ತಿರ. ಹುಡುಗ ಅಳುವ ಹೊತ್ತಿಗೆ ಸರಿಯಾಗಿ ಲಾರಿಯೊಂದು ಹಾರ್ನ್ ಹೊಡೆದು, ಮಕ್ಕಳೆಲ್ಲ ನಕ್ಕು, ಆ ದೃಶ್ಯವನ್ನು ಮತ್ತೆ ಮೊದಲಿನಿಂದ ಹಾಕಬೇಕಾಯಿತು. ಸವದತ್ತಿಯಲ್ಲಂತೂ ಕಥೆಯ ನಟ್ಟನಡುವೆ ಕರೆಂಟು ಹೋಯಿತು. ಕತ್ತಲೆ ಮಾಡಲು ಕಿಟಕಿಗೆ ಕಟ್ಟಿದ್ದ ಜಮಖಾನೆಗಳನ್ನು ಬಿಚ್ಚಬೇಕೋ ಬೇಡವೋ ಎಂದು ಶಿಕ್ಷಕರು ಚರ್ಚೆ ನಡೆಸಿರುವಾಗ, ಹಿಂದಿನ ಕುರ್ಚಿಯಿಂದ ಅಜ್ಜಿಯ ಧ್ವನಿ ಕಥೆಯನ್ನು ಬಿಟ್ಟಲ್ಲಿಂದಲೇ ಮುಂದುವರಿಸಿತು. ಮಕ್ಕಳು ಒಂದು ಕ್ಷಣ ಕಪ್ಪು ಪರದೆ ನೋಡಿದರು, ಆಮೇಲೆ ಒಟ್ಟಿಗೇ ಹಿಂದಕ್ಕೆ ತಿರುಗಿದರು. ಕರೆಂಟು ಬಂದ ಮೇಲೂ ಯಾರಿಗೂ ಸಿನಿಮಾ ಬೇಕಾಗಲಿಲ್ಲ. ಅಂದಿನಿಂದ ಅವಳು ಕಾರ್ಟೂನ್ ಅಜ್ಜಿ. ಬಸ್ಸಿನಲ್ಲಿ ಬರುವಾಗ ಸೀರೆಯ ಸೆರಗನ್ನು ಸಲ ಸಲಕ್ಕೂ ಸರಿಮಾಡಿಕೊಳ್ಳುತ್ತಿದ್ದಳು. ನನ್ನ ಹೆಸರು ಹೇಳುವವರೇ ಇಲ್ಲದಂತಾಯಿತು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆಮೇಲೆ ಬಂತು ಸುರೇಬಾನ. ರಾಮದುರ್ಗದಲ್ಲಿ ಬಸ್ಸು ಬದಲಿಸಿ ಹೋದೆವು. ಅವ್ವನಿಗೆ ಶಾಲು ಹೊದಿಸಿ, ಪರದೆಯ ಪಕ್ಕದಲ್ಲೇ ಕುರ್ಚಿ ಹಾಕಿ ಕೂಡಿಸಿದರು. ಸಿನಿಮಾ ಮುಗಿಯಿತು, ಚಪ್ಪಾಳೆ ಬಿತ್ತು. ಕೊನೆಗೆ ಮಕ್ಕಳ ಹತ್ತಿರ ನಾನು ಯಾವಾಗಲೂ ಒಂದು ಪ್ರಶ್ನೆ ಕೇಳುತ್ತೇನೆ. ಈ ಕಥೆಯಲ್ಲಿ ನಶೆಯ ಚಟ ಇದ್ದವರು ಎಷ್ಟು ಮಂದಿ? ಹುಡುಗ ಮತ್ತು ಅವನ ಗೆಳೆಯ, ಇಬ್ಬರು ಎಂದು ಎಲ್ಲ ಊರಿನ ಮಕ್ಕಳೂ ಹೇಳಿದ್ದರು. ಇಲ್ಲಿಯೂ ಹೇಳಿದರು. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಮಾತ್ರ ಮೂವರು ಎಂದಳು. ಮೂರನೆಯವರು ಯಾರು ಎಂದು ಕೇಳಿದೆ.

"ಅಜ್ಜಿ ಮಿಸರಿ ತಿಕ್ಕಾಕತ್ತಾಳಲ್ರಿ ಟೀಚರ್," ಎಂದಳು ಆ ಹುಡುಗಿ. "ಅದೂ ತಂಬಾಕ ಅಲ್ಲೇನ್ರಿ? ನಮ್ಮ ಮನ್ಯಾಗ ಹುರೀತಾರ್ರಿ, ನಾ ನೋಡೇನಿ."

ಗೋಡೆಗೆ ಆತು ನಿಂತಿದ್ದ ಅಡುಗೆಯ ಹೆಂಗಸರಲ್ಲಿ ಇಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಷ್ಟು ಸಲ ಬರೆದ ಬೆರಳು ಅದು. ಒಂದೊಂದು ಗೆರೆಯನ್ನೂ ತಿದ್ದಿದವಳು ನಾನು, ಆ ಪುಡಿಗಾಗಿ ಮನೆಯಲ್ಲಿ ದಿನಾ ಗಂಟಲು ಹರಿದುಕೊಂಡವಳೂ ನಾನೇ. ಆದರೂ ಅದು ಹಲ್ಲುಪುಡಿ ತಂಗಿ ಎಂಬ ಮಾತು ನನ್ನ ತುಟಿಯವರೆಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಆ ಹುಡುಗಿ ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದಳು.

"ನೀವೂ ತಿಕ್ಕತೀರೇನ್ರಿ ಅಜ್ಜಿ?"

ಅವ್ವ ತನಗೆ ಹೊದಿಸಿದ ಶಾಲನ್ನು ಒಮ್ಮೆ ನೋಡಿಕೊಂಡಳು. ಏನಾದರೂ ಕಥೆ ಕಟ್ಟುತ್ತಾಳೆ ಎಂದುಕೊಂಡೆ. ಕಥೆ ಕಟ್ಟಲು ಅವಳಿಗೆ ಎಷ್ಟು ಹೊತ್ತು ಬೇಕು. ಆದರೆ ಅವಳು, "ಹೂಂ, ತಿಕ್ಕತೇನಿ," ಎಂದಳು. ಹುಡುಗಿ ಸ್ವಲ್ಪ ಯೋಚಿಸಿ, ಹಾಗಾದರೆ ನೀವೂ ಬಿಡ್ರಿ ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಸಿನಿಮಾದಲ್ಲಿ ಅಜ್ಜಿ ಮೊಮ್ಮಗನಿಗೆ ಹೇಳಿದ ಹಾಗೆಯೇ ಹೇಳಿದಳು. ಮಕ್ಕಳು ನಕ್ಕರು, ಶಿಕ್ಷಕರು ಗದರಿಸಿದರು. ಅವ್ವ ಗದರಿಸಬೇಡಿ ಎಂದು ಕೈ ಮಾಡಿದಳು.

ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಗಿರಮಿಟ್ ಕೊಡಿಸಿದರೆ ಅರ್ಧ ತಿಂದು ಬಿಟ್ಟಳು. ದಾರಿಯುದ್ದಕ್ಕೂ ಮಾತಿಲ್ಲ. ಸುಮ್ಮನಿರುವ ಅವ್ವನ ಪಕ್ಕದಲ್ಲಿ ಕೂರುವುದು ನನಗೆ ರೂಢಿಯಿಲ್ಲ. ಮನಸ್ಸಿಗೆ ಬಹಳ ನೋವಾಗಿದೆ ಎಂದುಕೊಂಡು, ರಾತ್ರಿ ಮನೆ ಮುಟ್ಟಿದ ಮೇಲೆ, ಬೆಳಗಾದ ಕೂಡಲೇ ಕಂಪ್ಯೂಟರ್ ತೆರೆದು, ಆ ಬೆರಳು, ಆ ಡಬ್ಬಿ ಎರಡನ್ನೂ ಅಳಿಸುತ್ತೇನೆ, ಅಜ್ಜಿಯ ಕೈಗೆ ಬೇವಿನ ಕಡ್ಡಿ ಕೊಟ್ಟರಾಯಿತು, ಒಂದು ವಾರದ ಕೆಲಸ ಎಂದು ಸಮಾಧಾನ ಹೇಳಿದೆ.

"ಚಿತ್ರದಾಗಿಂದು ಅಳಸಿದ್ರ ನನ್ನ ಬಾಯಾಗಿಂದು ಅಳಸಿ ಹೋಗತದೇನು?" ಎಂದಳು.

ಅವಳ ಬಾಯಿಂದ ಆ ಬಿಳಿ ಕಲೆಯ ಮಾತು ಕೇಳಿದ್ದು ಅದೇ ಮೊದಲು. ಡಾಕ್ಟರು ಹೇಳಿದ್ದನ್ನು ಅವಳು ಮರೆತಿಲ್ಲ, ನನ್ನಷ್ಟೇ ಹೆದರಿದ್ದಾಳೆ ಎಂದು ಆಗ ಗೊತ್ತಾಯಿತು. ಅಳಿಸಬೇಡ ಎಂದಳು. ಅದರ ಬದಲು ಕೊನೆಗೆ ಇನ್ನೊಂದು ದೃಶ್ಯ ಸೇರಿಸು, ಅಜ್ಜಿಯೂ ಬಿಡಲಿ. ನಾನು ಹಿಗ್ಗಿಹೋಗಿ ಕೌದಿ ತರಲು ಎದ್ದೆ. ಚಿತ್ರ ಬೇಕಾದರೆ ಈಗ ಬರೆದುಕೋ, ಧ್ವನಿ ಈಗ ಇಲ್ಲ ಎಂದು ತಡೆದಳು. ಬಿಡದೆಯೇ ಬಿಟ್ಟೆ ಎಂದು ಹೇಳಿದರೆ ಸುರೇಬಾನದ ಆ ಹುಡುಗಿಯ ಮುಂದೆ ಸುಳ್ಳಾಡಿದ ಹಾಗೆ ಆಗುತ್ತದಂತೆ.

ನಾನು ಬರೆದ ಹೊಸ ದೃಶ್ಯದಲ್ಲಿ ಅಜ್ಜಿ ಡಬ್ಬಿಯನ್ನು ತಿಪ್ಪೆಗೆ ಎಸೆದು ನಗುತ್ತ ಒಳಗೆ ಹೋಗುತ್ತಿದ್ದಳು. ಅವ್ವ ನೋಡಿ, ಈಕೆ ಏನು ಇಷ್ಟು ಲಗೂ ಬಿಟ್ಟಳು ಎಂದು ಮೂಗು ಮುರಿದಳು. ಅಲ್ಲಿಂದ ಶುರುವಾಯಿತು ನಮ್ಮ ಮನೆಯ ನಿಜವಾದ ಸಿನಿಮಾ. ಅವಳು ಬಿಡಲು ಹೆಣಗುವುದು, ಹೆಣಗಿದ್ದನ್ನೆಲ್ಲ ನನ್ನಿಂದ ಬರೆಸುವುದು. ಇವತ್ತು ತಲೆನೋವು, ಅಜ್ಜಿಗೆ ತಲೆಗೆ ಬಟ್ಟೆ ಕಟ್ಟು. ಇವತ್ತು ಹಾಲಿನವನಿಗೆ ಸುಮ್ಮಸುಮ್ಮನೆ ಬೈದೆ, ಅದನ್ನೂ ಹಾಕು. ಬೆರಳಿಗೆ ಕೆಲಸವಿಲ್ಲದೆ ಕೈ ಚಡಪಡಿಸುತ್ತದೆ, ಹಣೆಗೆ, ಮೊಣಕಾಲಿಗೆ, ಗೋಡೆಗೆ ತಿಕ್ಕುವ ಹಾಗೆ ಬರೆ. ಲವಂಗ ಬಾಯಲ್ಲಿಟ್ಟುಕೊಂಡಳು, ಬಡೇಸೋಪು ಅಗಿದಳು. ಒಂದು ದಿನ ಶಾಲೆಯಿಂದ ಬಂದು ನೋಡಿದರೆ ತುಟಿಯ ಮೂಲೆ ಕರ್ರಗಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಷ್ಟು ಕೂಗಾಡಿದೆ ಎಂದರೆ ಪಕ್ಕದ ಮನೆಯ ಟೀವಿ ಬಂದ್ ಆಯಿತು. ಅವಳು ತಿರುಗಿ ಬೈಯಲಿಲ್ಲ. ತಿಪ್ಪೆಯಿಂದ ಡಬ್ಬಿಯನ್ನು ಮತ್ತೆ ಆರಿಸಿಕೊಂಡು ಬರುವ ಅಜ್ಜಿಯನ್ನು ಬರೆಯಲು ಹೇಳಿದಳು. ಬರೆದೆ. ಬರೆಯುತ್ತ ಬರೆಯುತ್ತ ನನ್ನ ಸಿಟ್ಟು ಇಳಿಯಿತು, ಆ ಅಜ್ಜಿಯ ಮೇಲೆ ಬಹಳ ಪ್ರೀತಿ ಬಂತು.

ಶಾಲೆಗಳ ಕರೆ ಮಾತ್ರ ನಿಲ್ಲಲಿಲ್ಲ. ನೇಸರಗಿಗೆ ಹೋಗುವಾಗ ಹೊಸ ದೃಶ್ಯವನ್ನು ಹಾಗೆಯೇ, ಧ್ವನಿಯಿಲ್ಲದೆ ಸೇರಿಸಿಕೊಂಡು ಒಬ್ಬಳೇ ಹೋದೆ. ಕೊನೆಯಲ್ಲಿ ಅಜ್ಜಿ ಮಕ್ಕಳ ಕಡೆ ತಿರುಗಿ ಬಾಯಿ ಆಡಿಸುತ್ತಾಳೆ, ಶಬ್ದವಿಲ್ಲ. ಪ್ರೊಜೆಕ್ಟರ್ ಕೆಟ್ಟಿತೆಂದು ಮಾಸ್ತರರು ವೈರ್ ಅಲುಗಾಡಿಸಿದರು. ನಾನು ಇದ್ದ ಸಂಗತಿ ಹೇಳಿದೆ. ಅಜ್ಜಿ ಇನ್ನೂ ಬಿಡುತ್ತಿದ್ದಾರೆ, ಬಿಟ್ಟ ಮೇಲೆ ಮಾತು ಕೊಡುತ್ತಾರೆ ಎಂದೆ. ಭಾಷಣಕ್ಕೂ, ಹುಡುಗನ ಅಳುವಿಗೂ ಕೇಳದಿದ್ದ ಪ್ರಶ್ನೆಗಳು ಆಗ ಮಕ್ಕಳಿಂದ ಬಂದವು. ಯಾಕೆ ಒಮ್ಮೆಲೇ ಬಿಡಲಾಗುವುದಿಲ್ಲ, ತಲೆನೋವು ಎಷ್ಟು ದಿನ, ನಮ್ಮ ಅಪ್ಪ ಬಿಟ್ಟು ಮತ್ತೆ ಶುರು ಮಾಡಿದ್ದಾನೆ, ಅವನಿಗೆ ಏನು ಹೇಳಬೇಕು. ನನಗೆ ಗೊತ್ತಿದ್ದಷ್ಟು ಹೇಳಿದೆ. ಗೊತ್ತಿಲ್ಲದ್ದಕ್ಕೆ ಮನೆಗೆ ಹೋಗಿ ಅಜ್ಜಿಯನ್ನು ಕೇಳಿ ಹೇಳುತ್ತೇನೆ ಎಂದೆ. ಅಜ್ಜಿಗೆ ನಮ್ಮ ನಮಸ್ಕಾರ ಹೇಳ್ರಿ ಎಂದು ಎಲ್ಲರೂ ಕೂಗಿದರು.

ನಮಸ್ಕಾರ ತಲುಪಿಸಿದೆ. ಅವ್ವ ಬಾಯಿಗೆ ಒಂದು ಲವಂಗ ಹಾಕಿಕೊಂಡಳು.

ಮಳೆಗಾಲ ಕಳೆದ ಮೇಲೆ ಅವಳೇ ಡಾಕ್ಟರ ಹತ್ತಿರ ಹೋಗೋಣ ಎಂದಳು. ಅವರು ಟಾರ್ಚು ಹಾಕಿ ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ನಾನು ನಮ್ಮ ಮನೆದೇವರಿಗೆ ಹೊತ್ತ ಹರಕೆಗಳನ್ನು ಇನ್ನೂ ತೀರಿಸುತ್ತಲೇ ಇದ್ದೇನೆ. ಕಲೆ ಸಣ್ಣದಾಗಿದೆ, ಪೂರ್ತಿ ಹೋಗಿಲ್ಲ, ಬೆಳಗಾವಿಗೆ ಈಗ ಬೇಡ, ಹೀಗೆಯೇ ಇದ್ದು ಮತ್ತೆ ಬಂದು ತೋರಿಸಿ ಎಂದರು. ಹೀಗೆಯೇ ಇರುವುದು ಎಷ್ಟು ಕಷ್ಟ ಎಂದು ಅವ್ವ ಅವರಿಗೆ ವಿವರವಾಗಿ ಹೇಳಿದಳು. ಹೊರಗೆ ಕಾಯುತ್ತಿದ್ದವರೂ ಬಾಗಿಲಿಗೆ ಬಂದು ಕೇಳಿ ನಕ್ಕರು.

ಮರುದಿನ ಮುಂಜಾನೆ ಕೌದಿ ತಾ ಎಂದಳು. ನಾನು ತಿಂಗಳುಗಟ್ಟಲೆ ಕಾಯ್ದು, ತಿದ್ದಿ ತೀಡಿ ಇಟ್ಟುಕೊಂಡಿದ್ದ ಮಾತು ಒಂದಿತ್ತು. ಮಕ್ಕಳೇ, ನಾನು ಶಾಶ್ವತವಾಗಿ ಬಿಟ್ಟಿದ್ದೇನೆ, ನೀವು ಎಂದೂ ಮುಟ್ಟಬೇಡಿ, ಹೀಗೆ. ಅವ್ವ ಅದನ್ನು ಒಂದು ಸಲ ಕೇಳಿ ಬೇಡವೆಂದು ತಲೆ ಅಲ್ಲಾಡಿಸಿದಳು. ಮೊಬೈಲನ್ನು ತನ್ನ ಬಾಯಿಯ ಹತ್ತಿರ ತಾನೇ ಎಳೆದುಕೊಂಡಳು.

"ಇವತ್ತ ತಿಕ್ಕಿಲ್ಲ. ನಾಳಿದು ನಾಳಿ ಹೇಳತೇನಿ."

ಅಷ್ಟೇ. ನಾನು ಕೌದಿಯೊಳಗೆ ಅತ್ತುಬಿಟ್ಟೆ. ರೆಕಾರ್ಡಿಂಗಿನಲ್ಲಿ ಅದೂ ಬಂದಿದೆ, ಎಷ್ಟು ಕತ್ತರಿಸಿದರೂ ಪೂರ್ತಿ ಹೋಗಿಲ್ಲ. ಈಗ ಸಿನಿಮಾ ಮುಗಿಯುವುದು ಆ ಮಾತಿನಿಂದಲೇ. ಸಾಹೇಬರಿಗೆ ಅದು ಅಷ್ಟು ಹಿಡಿಸಲಿಲ್ಲ, ಕೊನೆಗೆ ಒಂದು ಸಂದೇಶ ಗಟ್ಟಿಯಾಗಿ ಇರಬೇಕಿತ್ತು ಎಂದರು. ಇದಕ್ಕಿಂತ ಗಟ್ಟಿ ನಮ್ಮ ಮನೆಯಲ್ಲಿ ಸಿಗುವುದಿಲ್ಲ ಎಂದೆ.

ಆ ರೆಕಾರ್ಡಿಂಗಿನ ಮರುದಿನ ನಾನು ಏನೂ ಕೇಳಬಾರದೆಂದು ಗಟ್ಟಿ ಮನಸ್ಸು ಮಾಡಿಕೊಂಡು, ಚಹಾಕ್ಕೆ ನೀರಿಟ್ಟು, ಅವಳ ಮುಖ ನೋಡದೆ ನಿಂತಿದ್ದೆ. ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಇವತ್ತೂ ಇಲ್ಲ," ಎಂದಳು.